ಪೇಟೆಯ ನಡುವೆ ಅವ್ವನ ಹೆಸರು

ಬೈಲಹೊಂಗಲದ ನಮ್ಮ ಓಣಿಯಿಂದ ನರ್ಸಿಂಗ್ ಕಲಿಯಲು ಹೋದವರಲ್ಲಿ ಅವ್ವನೇ ಮೊದಲಿನವಳು. ದೂರದ ದೊಡವಾಡದ ಕಡೆಯಿಂದ ಕರೆ ಬಂದರೂ ಹೆರಿಗೆ ಮಾಡಿಸಲು ಹೋಗುತ್ತಿದ್ದಳು. ಕೂಸನ್ನು ಅವಳ ಕೈಯಿಂದಲೇ ತೆಗೆದುಕೊಂಡ ಕೆಲವರು, ಜಾತಿ ನೋಡಿ, ಕುಡಿಯುವ ನೀರನ್ನು ಮಾತ್ರ ಅವಳನ್ನು ಅಂಗಳದಲ್ಲೇ ನಿಲ್ಲಿಸಿ ಬೊಗಸೆಗೆ ಮೇಲಿಂದ ಸುರಿಯುತ್ತಿದ್ದರು. ಮನೆಗೆ ಬಂದು ಅದನ್ನು ಹೇಳುವಾಗಲೂ ಅವಳ ದನಿ ಏರುತ್ತಿರಲಿಲ್ಲ.

ಅವ್ವ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಬಂದವರಿಗೆ ಚಹಾ ಮಾಡಿದೆ, ಹಾಸಿಗೆ ಒಗೆದು ಹಾಕಿದೆ. ಅಕ್ಕ ಅವ್ವನ ಸೀರೆಯಲ್ಲಿ ಮುಖ ಹುದುಗಿಸಿ ಅಳುವಾಗ ನಾನು ಕುಕ್ಕರಿನ ಸೀಟಿ ಕೇಳುತ್ತ ನಿಂತಿದ್ದೆ.

ಆಮೇಲೆ ಪೇಟೆಯ ನಡುವೆ, ಹಳೆಯ ನೀರಿನ ಟಾಕಿ ಕೆಡವಿದ ಜಾಗದಲ್ಲಿ ಪುರಸಭೆಯಿಂದ ಸಣ್ಣದೊಂದು ಉದ್ಯಾನವಾಯಿತು. ಕಲ್ಲಿನ ಬೆಂಚು, ಬೇವಿನ ಸಸಿ, ಕಬ್ಬಿಣದ ಗೇಟು, ಗೇಟಿನ ಮೇಲೆ ಅವ್ವನ ಹೆಸರು. ಉದ್ಘಾಟನೆಯ ದಿನ ನನಗೆ ಶಾಲು ಹೊದಿಸಿ, ಎರಡು ಮಾತಾಡಲು ಹೇಳಿದರು. ಮೈಕಿನ ಮುಂದೆ ಏನೂ ಹೊಳೆಯಲಿಲ್ಲ. "ನಮ್ಮವ್ವಗ ಚಾ ಭಾಳ ಸೇರತಿತ್ತು," ಎಂದು ಕೆಳಗಿಳಿದೆ. ಜನ ಚಪ್ಪಾಳೆ ತಟ್ಟಿದರು. ಅಕ್ಕ ಮನೆಯ ದಾರಿಯುದ್ದಕ್ಕೂ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು.

ಈಗ ಕಾಯಿಪಲ್ಲೆ ತರಲು ಹೋದಾಗ ಅಲ್ಲಿ ಕೂತು ಬರುತ್ತೇನೆ. ಅಲ್ಲಾದರೂ ದುಃಖ ಬಂದೀತೆಂದು ಮೊದಮೊದಲು ಕಾಯುತ್ತಿದ್ದೆ. ಈಗ ಕಾಯುವುದಿಲ್ಲ, ಸುಮ್ಮನೆ ಕೂಡುತ್ತೇನೆ.

ಮೊನ್ನೆ ನೇಸರಗಿಯ ಹೆಣ್ಣುಮಗಳೊಬ್ಬಳು ಬಸುರಿ ಮಗಳನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದು, ನನ್ನ ಪಕ್ಕದಲ್ಲಿ ಬುತ್ತಿ ಬಿಚ್ಚಿದಳು. ತನಗೆ ಓದಲು ಬರುವುದಿಲ್ಲ, ಗೇಟಿನ ಮೇಲಿರುವುದು ಯಾರ ಹೆಸರು ಎಂದು ಕೇಳಿದಳು.

"ನಮ್ಮವ್ವಂದರಿ. ಹೆರಿಗಿ ಮಾಡಸ್ತಿದ್ಲು."

ಆಕೆ ತುತ್ತು ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ಭಾಳ ನೆನಪಾಗ್ತಿರಬೇಕಲ್ರಿ, ಯಕ್ಕಾ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. "ಏನೂ ಅನಸವಲ್ದರಿ," ಎಂದೆ. ಏನೂ ಅನ್ನಿಸುತ್ತಿಲ್ಲವೆಂದು ಅಕ್ಕನಿಗೂ ಹೇಳಿರಲಿಲ್ಲ.

ಆಕೆ ಸಮಾಧಾನ ಹೇಳಲು ಬರಲಿಲ್ಲ. ಗಂಡ ತೀರಿಹೋದಾಗ ತನಗೂ ಹಾಗೇ ಆಗಿತ್ತು, ಮರುದಿನದಿಂದಲೇ ಹೊಲಕ್ಕೆ ಹೋಗಿ ಕಸ ತೆಗೆಯುತ್ತಿದ್ದೆ, ಊರವರು ಏನೇನೋ ಅಂದರು ಎಂದಳು. ಆಮೇಲೆ ಅಳು ಬಂತೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಒಂದ್ ರೊಟ್ಟಿ ತಿನ್ರಿ," ಎಂದು ಶೇಂಗಾ ಚಟ್ನಿ ಹಚ್ಚಿ ಕೈಗೆ ಕೊಟ್ಟಳು. ಅವಳ ಮಗಳ ಕಾಲು ಬಾತಿದ್ದವು. ಚಾಚಿಕೊಳ್ಳಲಿ ಎಂದು ನಾನು ಬೆಂಚಿನ ತುದಿಗೆ ಸರಿದೆ. ಮೂವರೂ ಉಂಡೆವು. ಅವರ ಬಸ್ಸಿನ ಹೊತ್ತಾದ ಮೇಲೆ ನಾನೂ ಎದ್ದು, ಮೆಂತೆ ಪಲ್ಲೆ ತೆಗೆದುಕೊಂಡು ಮನೆಗೆ ಬಂದೆ.