ಸುಯುನ್ ಕಳಿಸುತ್ತಿದ್ದ ತಲೆನೋವಿನ ಪುಡಿ

ಸಿಚುವಾನ್ ಬಯಲಿನ ಗುವಾನ್‌ಶಿಯನ್ ಪೇಟೆಯಲ್ಲಿ ಸುಯುನ್ ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದಳು. ತಲೆನೋವಿಗೆ ಕೊಡುವ ಶಿಯೋಂಗ್ ಗೆಡ್ಡೆಯನ್ನು ತೆಳ್ಳಗೆ ಹೆಚ್ಚುವುದು ಅವಳ ಕೆಲಸ. ಆ ಘಾಟು ಎಷ್ಟು ತೊಳೆದರೂ ಕೈಬಿಡುತ್ತಿರಲಿಲ್ಲ. ಮೈಕೈ ನೋವೆಂದು ಬಂದವರೂ ಮೊದಲು ಅವಳನ್ನೇ ವಿಚಾರಿಸುತ್ತಿದ್ದರು.

ಗೆಡ್ಡೆ ಬಲಿಯುವುದು ಬಯಲಿನಲ್ಲಿ. ಅದರ ಬಿತ್ತನೆ ಕಡ್ಡಿ ಬೆಳೆಯುವುದು ಮಾತ್ರ ಮೇಲಿನ ತಣ್ಣನೆ ಬೆಟ್ಟದಲ್ಲಿ. ಸುಯುನಳ ತವರೂ ಅಲ್ಲೇ. ಅಲ್ಲಿ ಈಗ ತಂಗಿ ಸುಹುಯಿ ಒಬ್ಬಳೇ.

ಅಮ್ಮ ತೀರಿಕೊಂಡಾಗ ಸುಯುನ್ ಹನ್ನೆರಡು ದಿನದ ಬಾಣಂತಿ. "ತಿಂಗಳು ತುಂಬೋವರೆಗೆ ಹೊಸ್ತಿಲು ದಾಟಬೇಡ" ಅಂದಳು ಅತ್ತೆ. ಅವಳು ದಾಟಲಿಲ್ಲ. ಮಣ್ಣು ಮಾಡಿದ್ದೆಲ್ಲ ತಂಗಿಯೇ. ಆಮೇಲೆ ತಂಗಿಯಿಂದ ಬಂದದ್ದು ಒಂದೇ ಮಾತು: "ಇನ್ನು ಬರೋದು ಬೇಡ."

ತಂಗಿಗೆ ಚಿಕ್ಕಂದಿನಿಂದಲೂ ಗಾಳಿ ಬೀಸಿದರೆ ತಲೆ ಸಿಡಿಯುತ್ತಿತ್ತು. ಪ್ರತಿ ಬೇಸಿಗೆಯ ಕೊನೆಗೆ ಕಡ್ಡಿ ಹೊತ್ತು ಇಳಿಯುತ್ತಿದ್ದ ಹಮಾಲಿ ಪಾನ್‌ನ ಕೈಯಲ್ಲಿ ಸುಯುನ್ ಪುಡಿಯ ಪೊಟ್ಟಣ ಕಳಿಸುತ್ತಿದ್ದಳು. ಮರುವರ್ಷ ಅವನ ದಾರಿ ಕಾಯುತ್ತಿದ್ದಳು.

"ತಗೊಂಡ್ಲಾ, ಪಾನಣ್ಣ?"

"ತಗೊಂಡ್ಲು."

"ಏನಾದ್ರೂ ಅಂದ್ಲಾ?"

"ಬೈಲಿಲ್ಲ. ಅಷ್ಟೇ ಲಾಭ ಅಂದ್ಕೊ."

ಹೀಗೆ ಹದಿನೇಳು ವರ್ಷ. ಸಂಜೆ ಕಿಟಕಿಯಾಚೆ ಬೆಟ್ಟ ನೀಲಿಯಾಗುವಾಗ ಅವಳ ಕತ್ತಿ ತಾನಾಗಿ ನಿಲ್ಲುತ್ತಿತ್ತು. ಅತ್ತೆ ತೀರಿಹೋದ ಮೇಲೂ ಅವಳಿಗೆ ತವರಿಗೆ ಹೋಗುವ ಧೈರ್ಯ ಬರಲಿಲ್ಲ. ಕೊನೆಗೊಂದು ವಸಂತದಲ್ಲಿ, ಪಾನ್ ಮಂಡಿ ನೋವಿಗೆ ಹೊರೆ ಹೊರುವುದನ್ನು ಬಿಟ್ಟನೆಂದು ತಿಳಿದಾಗ, ಪೊಟ್ಟಣ ಒಯ್ಯುವವರು ಇನ್ನಾರೂ ಇಲ್ಲವೆಂದು ತಾನೇ ಹೊರಟಳು. ಅರ್ಧ ದಾರಿ ಬಸ್ಸು, ಉಳಿದದ್ದು ನಡಿಗೆ.

ಸುಹುಯಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ತಲೆಯೆತ್ತಿ ನೋಡಿ ಮತ್ತೆ ಬಗ್ಗಿದಳು.

"ದಪ್ಪ ಆಗಿದೀಯ" ಅಂದಳು.

"ನೀನು ಬಡಕಲಾಗಿದೀಯ."

ಸುಯುನ್ ಪಕ್ಕದ ಸಾಲಿಗೆ ಕೂತು ಕಳೆ ಕೀಳತೊಡಗಿದಳು. ಸಾಲು ಮುಗಿದ ಮೇಲೆ ಕೇಳಿದಳು, "ಪುಡಿ ಹಾಕ್ಕೊಂಡ್ಯಾ?"

"ಪ್ರತಿ ಸಲ. ಹಸಿರು ಚಹಾದಲ್ಲಿ ಕದಡಿ ಕುಡೀತಿದ್ದೆ. ನೋವು ಹೋಗ್ತಿತ್ತು." ಸುಹುಯಿ ಕೈ ಒರೆಸಿಕೊಂಡಳು. "ಪುಡಿ ಬಂತು, ನೀನು ಬರ್ಲಿಲ್ಲ. ಬೇಡ ಅಂದೆ ಅಂತ ಇಷ್ಟು ವರ್ಷ ಸುಮ್ನಿರೋದಾ ಅಕ್ಕ?"

ಅಂದು ತಂಗಿ ಮೀನಿನ ತಲೆಯ ಜೊತೆ ಶಿಯೋಂಗ್ ಹಾಕಿ ಸಾರು ಕುದಿಸಿದಳು. ಅಮ್ಮನ ಸಮಾಧಿ ಗುಡ್ಡೆಯ ಮೇಲಿನ ಹುಲ್ಲನ್ನು ಇಬ್ಬರೂ ಸೇರಿ ಕೊಯ್ದರು. ಮೂರನೇ ದಿನ ಸುಯುನ್ ಕರೆದಳು, "ನನ್ನ ಜೊತೆ ಬಂದ್ಬಿಡು."

"ಬಯಲ ಸೆಕೆ ನಂಗಾಗಲ್ಲ. ನೀನೇ ಬಾ."

ವರ್ಷಕ್ಕೊಮ್ಮೆ ಹೋಗುವುದೆಂದಾಯಿತು. ಸುಯುನ್ ಮತ್ತೆ ಆರು ಸಲ ಹೋದಳು. ಏಳನೆಯ ವಸಂತಕ್ಕೆ ಅವಳ ಸೊಂಟವೇ ಹಿಡಿದು, ಹತ್ತು ಹೆಜ್ಜೆಗೆ ಕೂರುವಂತಾಯಿತು. ತನಗಿನ್ನು ಬರಲಾಗದೆಂದು ತಂಗಿಗೆ ಹೇಳಿ ಕಳಿಸಿದಳು. ಈಗ ಬೆಳಿಗ್ಗೆ ಸ್ಟೂಲು ಎಳೆದುಕೊಂಡು ಬಾಗಿಲಲ್ಲಿ ಕೂರುತ್ತಾಳೆ. ಬೆಟ್ಟದ ಬಸ್ಸು ನಿಂತಾಗಲೆಲ್ಲ ಇಳಿಯುವವರ ಮುಖ ನೋಡುತ್ತಾಳೆ.