ಹುಡುಗಿ ಹೇಳಿಸಿದ ವಂದನೆ

ಆ ಹುಣ್ಣಿಮೆಯಂದು ನಮ್ಮ ಓಣಿಯ ವಿಹಾರದಲ್ಲಿ ಬುದ್ಧ ವಂದನೆ ಹೇಳಿಸಿದ್ದು ನನ್ನ ಮೊಮ್ಮಗಳು. ಹಿರಿಯರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟರು ಎಂದು ಈಗ ಹೇಳಿಕೊಳ್ಳುತ್ತಾರೆ. ಯಾರೂ ಏನೂ ಬಿಟ್ಟುಕೊಡಲಿಲ್ಲ. ಅವಳು ಹೇಳಿದಳು, ನಾವು ಮುದುಕಿಯರು ದನಿ ಕೊಟ್ಟೆವು. ಅಷ್ಟೇ.

ವಂದನೆ ಇರುವುದು ಪಾಲಿ ಭಾಷೆಯಲ್ಲಿ. ಮುಂದೆ ನಿಂತವರು ಒಂದೊಂದು ಸಾಲು ಹೇಳಿಸಬೇಕು, ಉಳಿದವರು ತಿರುಗಿ ಹೇಳಬೇಕು. ಮೊದಲಿನಿಂದ ಹೇಳಿಸುತ್ತಿದ್ದವನು ಓಣಿಯ ಹಿರಿಯ; ವಾವೆಯಲ್ಲಿ ನನಗೆ ತಮ್ಮ. ಗಂಡಸರು ಗಟ್ಟಿಯಾಗಿ ಹೇಳುವರು. ಹೆಂಗಸರು ನಾವು ಬಿಳಿ ಸೀರೆ ಉಟ್ಟು ಹಿಂದೆ ನಿಂತು ತುಟಿ ಆಡಿಸುವೆವು. ನಮಗೆ ಬರುತ್ತಿರಲಿಲ್ಲ, ಕಲಿಸಿದವರೂ ಇರಲಿಲ್ಲ.

ಕಾಲುವೆಗೆ ನೀರು ಬಂದ ಮೇಲೆ ರಂಗಂಪೇಟೆಯ ಆಚೆ ಭತ್ತ ಹಚ್ಚಲು ಹೋಗತೊಡಗಿದೆವು. ಕಾಲೇಜಿಗೆ ರಜೆ ಇದ್ದಾಗ ಮೊಮ್ಮಗಳೂ ಬಂದಳು. ಪುಸ್ತಕ ನೋಡಿ ಕಲಿತಿದ್ದ ವಂದನೆಯನ್ನು ಕೆಸರಿನಲ್ಲಿ ಬಗ್ಗಿಕೊಂಡೇ ಅವಳು ಒಂದೊಂದು ಸಾಲಾಗಿ ಹೇಳುವಳು. ನಾವು ಅದನ್ನು ಹೇಳಿ, ಸಸಿ ಊರಿ, ಒಂದು ಹೆಜ್ಜೆ ಹಿಂದಕ್ಕೆ ಸರಿಯುವೆವು. ಸಸಿ ಹಚ್ಚುವವರು ಹಿಂದಕ್ಕೇ ನಡೆಯಬೇಕು. ಗದ್ದೆ ತುಂಬುತ್ತ ಹೋದಂತೆ ವಂದನೆಯೂ ಬಾಯಿಗೆ ಬಂತು.

"ಆಯಿ, ಈ ಹುಣ್ಣಿಮಿಗೆ ನಾ ಹೇಳಿಸ್ಲೇನು?" ಎಂದಳು ಮೊಮ್ಮಗಳು.

"ನನ್ನೇನ್ ಕೇಳ್ತಿ? ನಿಂತು ಹೇಳ್ಸು."

"ಯಾರೂ ದನಿ ಕೊಡ್ಲಿಲ್ಲಂದ್ರ? ನಾ ಒಬ್ಬಾಕೀನ ನಿಂತಿರ್ತೀನಿ."

"ನಾವೇನ್ ಸತ್ತೀವೇನು?"

ಹುಣ್ಣಿಮೆಯ ದಿನ ಅವಳು ಮುಂದೆ ಹೋಗಿ ನಿಂತದ್ದೇ ಹಿರಿಯ ನನ್ನ ಕಡೆ ತಿರುಗಿದ.

"ಏನ್ ಯಕ್ಕಾ ಇದು? ನಾ ಇನ್ನಾ ಬದುಕೀನಿ."

"ಬದುಕು ತಮ್ಮಾ, ಯಾರು ಬ್ಯಾಡಂದ್ರು? ಹೇಳೂದಿದ್ರ ನಮ್ಮ ಕೂಡ ಹೇಳು."

ಹುಡುಗಿ ಮೊದಲ ಸಾಲು ಹೇಳಿದಳು. ಗಂಡಸರು ಹಿರಿಯನ ಮುಖ ನೋಡುತ್ತ ಬಾಯಿ ಮುಚ್ಚಿಕೊಂಡು ನಿಂತರು. ಆಗ ಹಿಂದಿನಿಂದ ನಾವು ಎತ್ತಿಕೊಂಡೆವು. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೇಳಿಸುವ ಗಂಟಲು ನಮ್ಮದು. ಅಷ್ಟು ಸಣ್ಣ ವಿಹಾರ ಯಾವ ಲೆಕ್ಕ?

ಆದರೆ ಸಾಲು ಮುಗಿದ ಕೂಡಲೇ ನಮ್ಮ ಕಾಲು ತಾವಾಗಿ ಹಿಂದಕ್ಕೆ ಸರಿದವು. ಮುಂದಿನ ಸಾಲಿಗೆ ಮತ್ತೆ ಸರಿದವು. ಮುದುಕಿಯರೆಲ್ಲ ಒಟ್ಟಿಗೇ ಸರಿದದ್ದಕ್ಕೆ ಹಿಂದಿದ್ದ ಮಕ್ಕಳು ಗೋಡೆಗೆ ಒತ್ತಿಕೊಂಡರು.

"ಆಯಿ, ನನ್ನ ಕಾಲು!" ಎಂದು ಒಂದು ಕೂಸು ಚೀರಿತು.

"ಅತ್ತಿ, ನಿಲ್ರಿ! ಇದು ಗದ್ದಿ ಅಲ್ರಿ, ಗ್ವಾಡಿ ಬಂತು!" ಎಂದಳು ನನ್ನ ಸೊಸೆ.

ವಿಹಾರವೆಲ್ಲ ನಕ್ಕಿತು. ಮೊಮ್ಮಗಳೂ ನಕ್ಕಳು, ಆದರೆ ಬಿಡಲಿಲ್ಲ, ಮುಂದಿನ ಸಾಲು ಹೇಳಿದಳು. ಈ ಸಲ ಮಕ್ಕಳು ಹೇಳಿದರು, ಸೊಸೆಯಂದಿರು ಹೇಳಿದರು, ನಕ್ಕ ಬಾಯಿ ಮುಚ್ಚಲಾಗದೆ ಗಂಡಸರೂ ಹೇಳಿದರು. ಕೊನೆಗೆ ಹಿರಿಯನೂ ಬುದ್ಧನ ಮೂರ್ತಿಯ ಕಡೆ ಮುಖ ಮಾಡಿಕೊಂಡು ಸಣ್ಣ ದನಿಯಲ್ಲಿ ಹೇಳಿದ. ನಾನು ನೋಡಿದೆ. ಎದೆ ಉಬ್ಬಿತು. ಅಳಲಿಲ್ಲ, ಅಳುವಂಥದ್ದೇನಿತ್ತು?

ಬಾಗಿಲು ಮುಚ್ಚುವಾಗ ಅವನು ಎಂದ: "ಇದೊಂದ್ ಸಲ ಆತು, ಬಿಡು ಯಕ್ಕಾ."

ಮರುದಿನ ಬೆಳಗ್ಗೆ ಕೂಲಿಗೆ ಹೊರಡುವ ಮೊದಲು ಅವನ ಮನೆಗೆ ಹೋಗಿ ವಿಹಾರದ ಕೀಲಿಕೈ ಕೇಳಿದೆ.

"ಯಾಕ?"

"ಐತವಾರದ ವಂದನಿಗೆ ನನ್ನ ಮೊಮ್ಮಗಳು ಬಾಗ್ಲಾ ತೆಗೀತಾಳ."

ಚಹಾ ಕುಡಿದು ಹೋಗು ಎಂದ. ಕುಡಿದೆ. ಆಮೇಲೂ ಕೀಲಿಕೈ ಕೈಗೆ ಬರುವ ತನಕ ಹೊಸ್ತಿಲು ಬಿಟ್ಟು ಏಳಲಿಲ್ಲ.