ತನ್ನ ಮೈಯನ್ನೇ ಚೆಲ್ಲುವ ಚಿಕ್ಕಿ

ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರ ಉಗುರುಗಳು ಕ್ಯಾನ್ಸರಿನ ಔಷಧಕ್ಕೆ ಕಪ್ಪಾಗಿದ್ದವು. ಅವುಗಳ ಮೇಲೆ ಸದಾ ಚಾಕ್‌ಪೀಸಿನ ಬಿಳಿ ಪುಡಿ. ಕೂದಲುದುರಿದ ತಲೆಗೆ ಸೆರಗು ಬಿಗಿದುಕೊಂಡು, ಗುಡಗೇರಿಯಲ್ಲಿ ಬಸ್ಸಿಳಿದು, ಏದುಸಿರು ಬಿಡುತ್ತ ಶಾಲೆಗೆ ಬರುತ್ತಿದ್ದರು.

"ರಜಾ ಹಾಕಬೇ, ನಿನಗ ಕೈ ಮುಗೀತೀನಿ" ಎಂದು ಅವರ ತಾಯಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರಂತೆ.

"ನಾ ಮನ್ಯಾಗ ಕುಂತ್ರ ಹತ್ತನೇ ಇಯತ್ತೆ ಹುಡುಗ್ರಿಗೆ ಕಲಸಾಕ ಯಾರು ಬರ್ತಾರ? ಪರೀಕ್ಷಾ ಮುಗೀಲಿ ತಡಿ." ಮುಂದಿನ ಸರದಿಯ ಔಷಧಕ್ಕೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವುದು ಹೀಗೇ ಮುಂದಕ್ಕೆ ಬೀಳುತ್ತಿತ್ತು.

ಎಳ್ಳಮಾವಾಸ್ಯೆಗೆ ತಾಯಿ ಮಗಳಿಬ್ಬರನ್ನೂ ನಮ್ಮ ಹೊಲಕ್ಕೆ ಕರೆದಿದ್ದೆವು. ಅಪ್ಪ "ಹುಲಿಗ್ಯೋ, ಹುಲಿಗ್ಯೋ" ಎಂದು ಕೂಗುತ್ತ, ಬುತ್ತಿಯ ಅನ್ನ ಕಡುಬನ್ನು ಬೆಳೆಗೆ ಚರಗ ಚೆಲ್ಲುತ್ತ ಹೊಲ ಸುತ್ತಿದ. ಭೂಮಿತಾಯಿ ಉಂಡ ಮೇಲೆ ನಾವು ಉಂಡೆವು. ಅಕ್ಕೋರು ಎರಡೇ ತುತ್ತಿಗೆ ಕೈ ತೊಳೆದರು. ಕತ್ತಲಾದ ಮೇಲೆ, ಮೂಡಣದಲ್ಲಿ ಸಾಲಾಗಿ ಎದ್ದ ಮೂರು ಚಿಕ್ಕಿಗಳ ಬಾಜು ಒಂದು ಮಸಕು ಕಲೆಯನ್ನು ತೋರಿಸಿದರು.

"ಅದು ಹೊಗಿಯಂಥಾ ಮೋಡ. ಅದರೊಳಗ ಸೂರ್ಯಾಗಿಂತ ಭಾಳ ದೊಡ್ಡದು, ಭಾಳ ಬಿಸಿದು, ಒಂದು ಚಿಕ್ಕಿ ಐತಿ. ಅದರ ಮೈಯಿಂದ ಬೀಸೂ ಗಾಳಿ ಮೋಡಾನ ದೂಡಿ ದೂಡಿ ಗುಳ್ಳಿ ಮಾಡೈತಿ."

"ಅದೂ ಚರಗ ಚೆಲ್ಲತೈತೇನ್ರಿ ಅಕ್ಕೋರ?" ಎಂದೆ.

ನಕ್ಕರು. ನಗು ಕೆಮ್ಮಾಯಿತು. "ಹುಚ್ಚಿ, ನಾವು ಬುತ್ತ್ಯಾಗಿಂದು ಚೆಲ್ಲತೀವಿ. ಅದು ತನ್ನ ಮೈನ ಚೆಲ್ಲತೈತಿ. ಇಂಥಾವು ಭಾಳ ಬಾಳೂದಿಲ್ಲ."

ಬುತ್ತಿ ಕಟ್ಟುತ್ತಿದ್ದ ಅವರ ತಾಯಿಯ ಕೈ ನಿಂತಿತು. ಅಕ್ಕೋರು ಮೇಲೆಯೇ ನೋಡುತ್ತಿದ್ದರು.

ನಾವೆಲ್ಲ ಪಾಸಾದೆವು. ಪರೀಕ್ಷೆ ಮುಗಿಸಿ ಅವರು ಮತ್ತೆ ಆಸ್ಪತ್ರೆಗೆ ಹೋದಾಗ ತಡವಾಗಿತ್ತು. ಮುಂಗಾರಿನಲ್ಲಿ ತೀರಿಕೊಂಡರು. ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ನಾವು ಫೇಲಾಗಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಮತ್ತೊಂದು ಸಲ ಪರೀಕ್ಷೆ ಕಟ್ಟುತ್ತಿದ್ದೆವು. ಹಾಗೆ ನೋಡಿದರೆ, ನಾನಿಂದು ಧಾರವಾಡದಲ್ಲಿ ಕೂತು ಭೌತಶಾಸ್ತ್ರ ಓದುತ್ತಿರುವುದೂ ಅವರ ದಯೆಯಿಂದಲೇ. ಎಷ್ಟೇ ಸಿಟ್ಟು ಬಂದರೂ ಅದನ್ನು ಇಲ್ಲವೆನ್ನಲು ಬಾಯಿ ಬರುವುದಿಲ್ಲ.

ಅಕ್ಕೋರು ತೀರಿಕೊಂಡ ವರ್ಷದ ಎಳ್ಳಮಾವಾಸ್ಯೆಗೆ ಅವರ ತಾಯಿ ಒಬ್ಬರೇ ನಮ್ಮ ಹೊಲಕ್ಕೆ ಬಂದರು. ಕತ್ತಲಾದರೂ ಬದುವಿನಿಂದ ಏಳಲಿಲ್ಲ.

"ಅಕಿ ತೋರ್ಸಿದ್ದು ಯಾವ್ದ ಯವ್ವಾ?"

ಬೆರಳು ಮಾಡಿ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಭಾಳ ಬಾಳೂದಿಲ್ಲ ಅಂದಿದ್ಲು. ಅದಿನ್ನೂ ಐತಲ್ಲ."

"ಐತ್ರಿ ಆಯಿ. ಇನ್ನೂ ಲಕ್ಷಗಟ್ಟಲೆ ವರ್ಷ ಇರತೈತಿ."

"ಮತ್ತ ನನ್ನ ಮಗಳಿಗೇನ ಅವಸರಿತ್ತು?"